ದೇವರ ಹತ್ತಿರ ಜ್ಞಾನ ಕೇಳುವುದು ಅಂದರೆ ಏನು? ಚೀಟಿ ಎತ್ತಿ ಸೋತವಳ ಪ್ರಶ್ನೆ

ಬೆಟಗೇರಿ ಮಗಳು (ಸೋಮವಾರ, ರಾತ್ರಿ 9:40)

ಎಲ್ಲರಿಗೂ ವಂದನೆಗಳು. ನಾನು ಬೆಟಗೇರಿಯಲ್ಲಿ ಹುಟ್ಟಿ ಬೆಳೆದವಳು. ಮದುವೆಯಾದ ಮೇಲೆ ಹುಬ್ಬಳ್ಳಿ ಕೇಶ್ವಾಪುರದಲ್ಲಿದ್ದೇನೆ. ಕ್ರೈಸ್ತ ಮಿಷನರಿಗಳಾದ ಬಾಸೆಲ್ ಮಿಷನ್‌ನವರು 1841ರಲ್ಲಿ ಬೆಟಗೇರಿಗೆ ಬಂದರಂತೆ. ನಮ್ಮ ಮನೆತನ ಅಂದಿನಿಂದ ಇಂದಿನವರೆಗೆ ಸಭೆಯಲ್ಲೇ ಇದೆ. ಆದರೂ ಒಂದು ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿಲ್ಲ.

ಅಪ್ಪ ತೀರಿಕೊಂಡು 3 ವರ್ಷವಾಯಿತು. ಅವರ ನೌಕರಿಯ ದುಡ್ಡಿನಲ್ಲಿ 4 ಲಕ್ಷ ಅವ್ವನ ಹೆಸರಿನಲ್ಲಿ ಉಳಿದಿತ್ತು. ಸಂಬಂಧಿಕರೊಬ್ಬರು ಒಂದು ಸ್ಕೀಮ್ ಹೇಳಿದರು, 2 ವರ್ಷಕ್ಕೆ ಡಬಲ್ ಅಂತ. ಅವ್ವ ‘ನೀನೇ ನೋಡವ್ವಾ, ನನಗೇನು ತಿಳಿಯುತ್ತೆ’ ಅಂದಳು. ನಾನು 3 ದಿನ ಉಪವಾಸ ಪ್ರಾರ್ಥನೆ ಮಾಡಿದೆ. ಎರಡು ಚೀಟಿ ಬರೆದೆ, ಒಂದರಲ್ಲಿ ‘ಹಾಕು’, ಇನ್ನೊಂದರಲ್ಲಿ ‘ಬೇಡ’. ಸತ್ಯವೇದದ (ಬೈಬಲಿನ) ನಡುವೆ ಇಟ್ಟು ಮಗಳ ಕೈಯಿಂದ ಎತ್ತಿಸಿದೆ. ‘ಹಾಕು’ ಬಂತು. ಆಮೇಲೆ ಕಣ್ಣು ಮುಚ್ಚಿ ಪುಟ ತೆರೆದೆ, ಯೆಹೋಶುವನ ಪುಸ್ತಕದ ಮೊದಲ ಅಧ್ಯಾಯ. ಧೈರ್ಯವಾಗಿರು, ಅಂಜಬೇಡ. ಇನ್ನೇನು ಬೇಕು ಅಂತ ದುಡ್ಡು ಕಟ್ಟಿಬಿಟ್ಟೆ. 8 ತಿಂಗಳಲ್ಲಿ ಅವರ ಆಫೀಸಿಗೆ ಬೀಗ ಬಿತ್ತು.

ಅವ್ವ ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಜಾಸ್ತಿ ಚುಚ್ಚುತ್ತದೆ.

ಈಗ ಬೆಂಗಳೂರಿನಲ್ಲಿರುವ ತಮ್ಮ, ಬೆಟಗೇರಿ ಮನೆ ಮಾರಿ ಅವ್ವನನ್ನು ಕರೆದುಕೊಂಡು ಹೋಗ್ತೀನಿ ಅನ್ನುತ್ತಿದ್ದಾನೆ. ನನ್ನ ಒಪ್ಪಿಗೆಯೂ ಬೇಕು. ನನಗೆ ಪ್ರಾರ್ಥನೆಗೆ ಕೂರಲು ಹೆದರಿಕೆ. ‘ನಿಮ್ಮಲ್ಲಿ ಯಾರಿಗಾದರೂ ಜ್ಞಾನ ಕಡಿಮೆಯಾಗಿದ್ದರೆ ದೇವರನ್ನು ಕೇಳಲಿ’ ಅಂತ ಯಾಕೋಬನ ಪತ್ರಿಕೆಯಲ್ಲಿದೆ, ಅಲ್ವಾ? ನಾನು ಕೇಳಿದೆನಲ್ಲ. ಹಸಿದುಕೊಂಡು ಕೇಳಿದೆ. ಆತ ಕೊಡಲಿಲ್ಲವಾ? ನನಗೇ ಕೇಳಲು ಬರಲಿಲ್ಲವಾ? ತಿಳಿದವರು ಹೇಳಿ.

ಮಾಳಮಡ್ಡಿ ಮಾಸ್ತರ (ಸೋಮವಾರ, ರಾತ್ರಿ 10:55)

ತಂಗಿ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಮೊದಲು ಒಂದು ಮಾತು. ದುಡ್ಡು ತೆಗೆದುಕೊಂಡು ಬೀಗ ಹಾಕಿದವರದು ಮೋಸ. ಅವರ ಪಾಪವನ್ನೂ ನೀವೇ ಹೊರಬೇಡಿ.

ನೀವು ಹೇಳಿದ ಆ ವಚನ, ಯಾಕೋಬ 1:5. ಅದರಲ್ಲಿ ಒಂದು ಶಬ್ದವನ್ನು ನಾವೆಲ್ಲ ಸುಮ್ನೆ ದಾಟಿ ಹೋಗುತ್ತೇವೆ. ‘ಹಂಗಿಸದೆ’. ದೇವರು ಹಂಗಿಸದೆ ಎಲ್ಲರಿಗೂ ಕೊಡುತ್ತಾನೆ ಅಂತ ಬರೆದಿದೆ. ಹಂಗಿಸುವುದು ಅಂದರೆ ಏನು ಅಂತ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸಾಲ ಕೊಟ್ಟವನು ಮದುವೆ ಮನೆಯಲ್ಲಿ ನಾಲ್ಕು ಜನರ ಮುಂದೆ ಎತ್ತಿ ಆಡುತ್ತಾನಲ್ಲ, ಅದು. ‘ಹೋದ ಸಲ ಕೊಟ್ಟಿದ್ದನ್ನು ಏನು ಮಾಡಿದೆ, ಈಗ ಮತ್ತೆ ಯಾವ ಮುಖ ಹೊತ್ತು ಬಂದೆ’ ಅಂತಾನಲ್ಲ, ಅದು. ದೇವರು ಹಾಗೆ ಅನ್ನುವುದಿಲ್ಲ. ಎಡವಿದವಳು ಮತ್ತೆ ಕೇಳಲು ಬಂದರೆ ಹಳೆಯ ವಹಿ ತೆಗೆಯುವುದಿಲ್ಲ. ಪ್ರಾರ್ಥನೆಗೆ ಹೆದರಿಕೆ ಅಂದಿರಿ. ಆ ಒಂದು ಶಬ್ದವನ್ನು ಬಾಯಲ್ಲಿ ಇಟ್ಟುಕೊಂಡು ಕೂತುಕೊಳ್ಳಿ.

ಇನ್ನು ನೀವು ಕೇಳಿದ್ದು. ಆ ವಚನಕ್ಕಿಂತ ಹಿಂದಿನ ಮೂರು ವಚನ ಓದಿ ನೋಡಿ. ನಾನಾ ಕಷ್ಟ ಬಂದಾಗ ತಾಳ್ಮೆ ಹೇಗೆ ಬೆಳೆಯುತ್ತದೆ ಅಂತ ಯಾಕೋಬ ಹೇಳುತ್ತಿದ್ದಾನೆ. ಆ ಕಷ್ಟದ ನಡುವೆ ಹೇಗೆ ನಡೆದುಕೊಳ್ಳಬೇಕು ಅಂತ ತೋಚದಿದ್ದರೆ ಕೇಳಿ ಅನ್ನುತ್ತಾನೆ. ನಾಳೆ ಏನಾಗುತ್ತದೆ ಅಂತ ಮೊದಲೇ ತಿಳಿಸು ಅನ್ನುವ ಬೇಡಿಕೆ ಅಲ್ಲಿಲ್ಲ. ಅದೇ ಪತ್ರಿಕೆಯ 3:17ರಲ್ಲಿ ಮೇಲಿನಿಂದ ಬರುವ ಜ್ಞಾನದ ಗುರುತುಗಳಿವೆ. ಅದು ಶುದ್ಧ, ಸಮಾಧಾನಕರ, ಸಾತ್ವಿಕ, ಬೇರೆಯವರ ಮಾತಿಗೆ ಮಣಿಯುವಂಥದ್ದು, ಕರುಣೆಯಿಂದ ತುಂಬಿದ್ದು. ಎಲ್ಲವೂ ಮನುಷ್ಯ ಹೇಗಿರಬೇಕು ಅನ್ನುವ ಗುಣಗಳೇ. ಭವಿಷ್ಯದ ಸುದ್ದಿ ಒಂದೂ ಇಲ್ಲ.

ಇಸ್ರಾಯೇಲಿನ ಅರಸ ಸೊಲೊಮೋನ ಕೇಳಿದ್ದನ್ನೂ ನೋಡಿ, ಅರಸುಗಳು ಮೊದಲನೆಯ ಪುಸ್ತಕ, 3ನೇ ಅಧ್ಯಾಯ. ಗಿಬ್ಯೋನಿನಲ್ಲಿ ದೇವರು ಕನಸಿನಲ್ಲಿ ‘ಏನು ಬೇಕು ಕೇಳು’ ಅಂತಾನೆ. ಹೀಬ್ರೂವಿನಲ್ಲಿ ಅವನು ಕೇಳಿದ್ದು ‘ಲೇವ್ ಶೋಮೇಅ’. ಅಂದರೆ ಕೇಳಿಸಿಕೊಳ್ಳುವ ಹೃದಯ. ಅದಾದ ಕೂಡಲೇ ಎರಡು ಹೆಂಗಸರು ಒಂದು ಕೂಸಿಗಾಗಿ ಜಗಳಾಡುತ್ತ ಬರುತ್ತಾರೆ. ಆಗ ಆಕಾಶದಿಂದ ‘ಇವಳೇ ತಾಯಿ’ ಅಂತ ಧ್ವನಿ ಬರಲಿಲ್ಲ. ಅವನು ಇಬ್ಬರ ಮಾತನ್ನೂ ಪೂರ್ತಿ ಕೇಳಿದ. 23ನೇ ವಚನದಲ್ಲಿ ‘ಇವಳು ಹೀಗನ್ನುತ್ತಾಳೆ, ಅವಳು ಹಾಗನ್ನುತ್ತಾಳೆ’ ಅಂತ ತಾನೇ ತಿರುಗಿ ಹೇಳಿ ನೋಡಿಕೊಂಡ. ಆಮೇಲೆ ಖಡ್ಗ ತರಿಸಿದ. ಕೇಳಿಸಿಕೊಂಡಿದ್ದರಿಂದಲೇ ಯಾರ ಕರುಳು ಕೂಗುತ್ತದೆ ಅಂತ ಅವನಿಗೆ ತಿಳಿಯಿತು.

ಗದಗ ರಸ್ತೆ ಹುಡುಗ (ಮಂಗಳವಾರ, ಬೆಳಿಗ್ಗೆ 7:15)

ಮಾಸ್ತರ ಅವರಿಗೆ ಪ್ರೇಸ್ ದಿ ಲಾರ್ಡ್. ನಾನು ಪೆಂತೆಕೊಸ್ತ್ ಸಭೆಯವನು. ಒಂದು ವಿಷಯ ತಡೆದುಕೊಳ್ಳಲು ಆಗ್ತಿಲ್ಲ, ಹೇಳಿಬಿಡ್ತೀನಿ.

ದೇವರು ಇಂದಿಗೂ ಮಾತಾಡುತ್ತಾನೆ. ನನ್ನ ಜೊತೆ ಮಾತಾಡಿದ್ದಾನೆ. 6 ವರ್ಷದ ಹಿಂದೆ ನಾನು ಪೂರ್ತಿ ಕುಡಿತಕ್ಕೆ ಬಿದ್ದಿದ್ದೆ. ಒಂದು ಮನೆ ಕೂಟದಲ್ಲಿ ನನ್ನ ಪರಿಚಯವೇ ಇಲ್ಲದ ಅಜ್ಜಿಯೊಬ್ಬರು ನನ್ನ ತಲೆ ಮೇಲೆ ಕೈ ಇಟ್ಟು, ‘ನಿಮ್ಮವ್ವ ಬಾಗಿಲಲ್ಲಿ ಕೂತಾಳಪಾ’ ಅಂದರು. ಅಷ್ಟೇ. ಆ ದಿನ ಮನೆಗೆ ಹೋದೆ. ಅವ್ವ ನಿಜವಾಗಿಯೂ ಹೊಸ್ತಿಲ ಮೇಲೆ ಕೂತಿದ್ದಳು, ರಾತ್ರಿ 11 ಆಗಿತ್ತು. ಅವತ್ತಿನಿಂದ ಮುಟ್ಟಿಲ್ಲ. ಸತ್ಯವೇದದಲ್ಲಿ ಗಿದ್ಯೋನ ಉಣ್ಣೆ ಇಟ್ಟು, ಅದರ ಮೇಲೆ ಮಾತ್ರ ಇಬ್ಬನಿ ಬೀಳಲಿ ಅಂತ ಗುರುತು ಕೇಳಿದನಲ್ಲ? ದೇವರು ಕೊಟ್ಟನಲ್ಲ? ಹಾಗಾದರೆ ಅಕ್ಕಾವ್ರು ಚೀಟಿ ಹಾಕಿದ್ದು ತಪ್ಪು ಅಂತ ಹೇಗೆ ಹೇಳುತ್ತೀರಿ?

ಮಾಳಮಡ್ಡಿ ಮಾಸ್ತರ (ಮಂಗಳವಾರ, ಮಧ್ಯಾಹ್ನ 1:20)

ತಮ್ಮಾ, ಆ ಅಜ್ಜಿಯ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಓದಿ ಕಣ್ಣು ತುಂಬಿ ಬಂತು. ದೇವರ ಬಾಯಿ ಕಟ್ಟಲು ನಾನ್ಯಾರು? ಆದರೆ ಆ ಮಾತು ನಿನ್ನನ್ನು ಎಲ್ಲಿಗೆ ಕಳಿಸಿತು ನೋಡು. ನಿನ್ನ ಅವ್ವನ ಹತ್ತಿರ.

ಗಿದ್ಯೋನನ ವಿಷಯ. ನ್ಯಾಯಸ್ಥಾಪಕರು 6ನ್ನು ನಿಧಾನವಾಗಿ ಓದು. ಇಸ್ರಾಯೇಲನ್ನು ಬಿಡಿಸು ಅಂತ ದೇವರು ಅವನಿಗೆ ಮೊದಲೇ ಸ್ಪಷ್ಟವಾಗಿ ಹೇಳಿಯಾಗಿತ್ತು. ‘ನೀನು ಹೇಳಿದಂತೆ’ ಅಂತ ಅವನೇ ಒಪ್ಪಿಕೊಂಡು ಉಣ್ಣೆ ಇಡುತ್ತಾನೆ. ದಾರಿ ಗೊತ್ತಿತ್ತು, ಕಾಲು ನಡುಗುತ್ತಿತ್ತು. ದೇವರು ಅವನ ಅಂಜಿಕೆಯನ್ನು ತಾಳಿಕೊಂಡ. ಎಲ್ಲರೂ ಹೀಗೇ ಮಾಡಿ ಅಂತ ಅಲ್ಲಿ ಎಲ್ಲೂ ಹೇಳಿಲ್ಲ.

ಚೀಟಿಯ ವಿಷಯವೂ ಸತ್ಯವೇದದಲ್ಲಿದೆ. ಅಪೊಸ್ತಲರ ಕೃತ್ಯಗಳು 1ರಲ್ಲಿ ಯೇಸುವನ್ನು ಹಿಡಿದುಕೊಟ್ಟ ಯೂದನ ಜಾಗಕ್ಕೆ ಮತ್ತೀಯನನ್ನು ಚೀಟು ಹಾಕಿಯೇ ಆರಿಸಿದರು. ಮುಂದಿನ ಅಧ್ಯಾಯದಲ್ಲಿ ಪವಿತ್ರಾತ್ಮ ಇಳಿದು ಬಂದ. ಅದಾದ ಮೇಲೆ ಆ ಪುಸ್ತಕದಲ್ಲಿ ಶಿಷ್ಯರು ಚೀಟು ಹಾಕಿದ್ದು ಮತ್ತೆ ಕಾಣುವುದಿಲ್ಲ. 15ನೇ ಅಧ್ಯಾಯದಲ್ಲಿ ಯೆಹೂದ್ಯರಲ್ಲದ ವಿಶ್ವಾಸಿಗಳಿಗೂ ಸುನ್ನತಿ ಆಗಬೇಕಾ ಅನ್ನುವ ವಿಷಯ ಬಂದಾಗ ಯೆರೂಸಲೇಮಿನಲ್ಲಿ ಎಲ್ಲರೂ ಕೂತು ವಾದ ಮಾಡುತ್ತಾರೆ. ಪೇತ್ರ ಮಾತಾಡುತ್ತಾನೆ, ಬಾರ್ನಬ, ಪೌಲ ತಾವು ಕಂಡದ್ದನ್ನು ಹೇಳುತ್ತಾರೆ, ಯಾಕೋಬ ಪ್ರವಾದಿಗಳ ಮಾತು ತೆಗೆಯುತ್ತಾನೆ. ಕೊನೆಗೆ ಬರೆದ ಕಾಗದದಲ್ಲಿ ‘ಪವಿತ್ರಾತ್ಮನಿಗೂ ನಮಗೂ ಸರಿಯೆಂದು ಕಂಡಿತು’ ಅನ್ನುವ ಅರ್ಥದ ಮಾತಿದೆ. ಆತ್ಮನಿಗೂ, ನಮಗೂ. ಎರಡೂ ಒಟ್ಟಿಗೆ. ನನಗೆ ಬಹಳ ಪ್ರೀತಿಯ ಮಾತು ಅದು.

ತಂಗಿ, ನಿಮ್ಮನ್ನು ನೋಯಿಸಲು ಕೇಳುತ್ತಿಲ್ಲ. ಆ ಸ್ಕೀಮಿನ ಕಾಗದ ಓದಿದ್ದಿರಾ? ಬ್ಯಾಂಕಿನಲ್ಲಿ ಕೆಲಸ ಮಾಡುವವರು ನಿಮ್ಮ ಸಭೆಯಲ್ಲಿ ಒಬ್ಬರಾದರೂ ಇರುತ್ತಾರೆ, ಅವರನ್ನು ಕೇಳಿದ್ದಿರಾ?

ಬೆಟಗೇರಿ ಮಗಳು (ಮಂಗಳವಾರ, ರಾತ್ರಿ 8:05)

ಓದಿರಲಿಲ್ಲ ಸರ್. ಕೇಳಿರಲೂ ಇಲ್ಲ. ಒಳಗೆ ಒಂದು ಅಳುಕಿತ್ತು. ಯಾರನ್ನಾದರೂ ಕೇಳಿದರೆ ಬೇಡ ಅಂತಾರೆ ಅಂತ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ. ಇಷ್ಟು ದಿನ ಇದನ್ನು ಯಾರ ಮುಂದೆಯೂ ಹೇಳಿರಲಿಲ್ಲ.

ರಾತ್ರಿ ಪಾಳಿ (ಬುಧವಾರ, ಬೆಳಿಗ್ಗೆ 6:50)

ಈಗಷ್ಟೇ ಡ್ಯೂಟಿ ಮುಗಿಸಿ ಬಂದೆ. ನಾನು ಕ್ಯಾಥೋಲಿಕ್, ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ನರ್ಸ್.

ಅಕ್ಕಾ, ನೀವು ಬರೆದದ್ದು ನಮ್ಮ ವಾರ್ಡಿನಲ್ಲಿ ದಿನಾ ನಡೆಯುತ್ತದೆ. ಮನೆಯ ಹಿರಿಯರು ವೆಂಟಿಲೇಟರ್ ಮೇಲೆ ಇರುತ್ತಾರೆ. ಮುಂದುವರಿಸೋಣವಾ ಅಂತ ಡಾಕ್ಟರ್ ಕೇಳುತ್ತಾರೆ. ಮಕ್ಕಳು ಹೊರಗೆ ನಿಂತು ಫೋನಿನಲ್ಲಿ ಪ್ರವಾದನೆ ಕೇಳುತ್ತಿರುತ್ತಾರೆ, ‘ಏಳುತ್ತಾರಾ, ಇಲ್ವಾ’ ಅಂತ. ಒಳಗೆ ಬಂದು ರೋಗಿಯ ಕೈ ಹಿಡಿಯುವವರು ಕಡಿಮೆ. ಹೋದ ತಿಂಗಳು ಒಬ್ಬ ಮಗ ಹಾಗೇ ಕಾರಿಡಾರಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ. ‘ಅಣ್ಣಾ, ನಿಮ್ಮಪ್ಪ ಮೊದಲು ಇದರ ಬಗ್ಗೆ ಏನಾದರೂ ಹೇಳಿದ್ರಾ?’ ಅಂತ ಕೇಳಿದೆ. ಅವನು ನಿಂತುಬಿಟ್ಟ. ‘ಹೇಳಿದ್ರು ಸಿಸ್ಟರ್. ಯಂತ್ರದ ಮೇಲೆ ಇಡಬ್ಯಾಡ್ರಿ ಅಂದಿದ್ರು’ ಅಂದ. ಆಮೇಲೆ ಡಾಕ್ಟರ ಹತ್ತಿರ ಹೋಗಿ ಕೂತು ಎಲ್ಲ ಕೇಳಿ ತಿಳಿದುಕೊಂಡ. ಅವನಿಗೆ ಬೇಕಾಗಿದ್ದ ಮಾತು ಅವನ ಹತ್ತಿರವೇ ಇತ್ತು.

ನಮ್ಮಲ್ಲಿ ಇಗ್ನೇಷಿಯಸ್ ಲೊಯೊಲ ಅಂತ ಸಂತರಿದ್ದಾರೆ. 1521ರಲ್ಲಿ ಪಾಂಪ್ಲೋನದ ಯುದ್ಧದಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಮುರಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರು. ಆಗ ಒಂದು ಗಮನಿಸಿದರು. ಶೌರ್ಯ, ಹೆಸರು, ದೊಡ್ಡ ಮನೆತನದ ಹೆಣ್ಣು ಅಂತ ಕನಸು ಕಂಡರೆ ಆ ಹೊತ್ತಿಗೆ ಖುಷಿ, ಆಮೇಲೆ ಮನಸ್ಸು ಒಣಗಿದಂತೆ. ಕ್ರಿಸ್ತನ ಹಿಂದೆ ಹೋಗುವ ಯೋಚನೆ ಬಂದರೆ ಅದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಅದರಿಂದ ಅವರು ಕೊಟ್ಟ ಒಂದು ನಿಯಮ ನಿಮಗೆ ಉಪಯೋಗ ಆಗಬಹುದು. ಮನಸ್ಸು ಕತ್ತಲಲ್ಲಿ ಇದ್ದಾಗ ಮೊದಲಿನ ತೀರ್ಮಾನ ಬದಲಿಸಬೇಡಿ. ನಿಮ್ಮ ತಮ್ಮನಿಗೆ ಸ್ವಲ್ಪ ದಿನ ಕೊಡು ಅನ್ನಿ. ಈಗ ನಿಮ್ಮ ಬಾಯಿಂದ ಹೌದು ಬಂದರೂ, ಇಲ್ಲ ಬಂದರೂ, ಅದು ಆ 4 ಲಕ್ಷದ ನೋವಿನಿಂದ ಬರುತ್ತದೆ.

ಬ್ಯಾಡಗಿ ರೈತ (ಬುಧವಾರ, ರಾತ್ರಿ 9:10)

ನಾನು ಹೆಚ್ಚು ಓದಿದವನಲ್ಲ. ನನಗೆ ಜ್ಞಾನದ ವಿಷಯ ಅರ್ಥವಾಗಿದ್ದು ಯೆಶಾಯ 28ರ ಕೊನೆಯಿಂದ. ಸಭೆಯಲ್ಲಿ ಇದರ ಮೇಲೆ ಪ್ರಸಂಗ ಕೇಳಿದ್ದು ಕಡಿಮೆ, ಯಾಕೋ ಗೊತ್ತಿಲ್ಲ. ಅಲ್ಲಿ ಯೆಶಾಯ ಕೇಳುತ್ತಾನೆ, ಒಕ್ಕಲಿಗ ಯಾವಾಗಲೂ ಉಳುತ್ತಲೇ ಇರುತ್ತಾನಾ? ನೆಲ ಸಮ ಮಾಡಿದ ಮೇಲೆ ಕರಿಜೀರಿಗೆ ಬಿತ್ತುತ್ತಾನೆ, ಜೀರಿಗೆ ಬಿತ್ತುತ್ತಾನೆ, ಗೋದಿಯನ್ನು ಸಾಲಿನಲ್ಲಿ ಹಾಕುತ್ತಾನೆ. ಜೀರಿಗೆ ಮೇಲೆ ಬಂಡಿ ಹೊಡೆಯುವುದಿಲ್ಲ, ಕೋಲಿನಿಂದ ಬಡಿಯುತ್ತಾನೆ. ಇದನ್ನು ಅವನಿಗೆ ಕಲಿಸಿದವನು ಅವನ ದೇವರು ಅಂತಾನೆ.

ನಮ್ಮ ಅಪ್ಪ ಕಣದಲ್ಲಿ ಜೋಳದ ಹಂತಿ ಕಟ್ಟುತ್ತಿದ್ದರು. ಎತ್ತು ತುಳಿಯಬೇಕು, ಕಲ್ಲು ಉರುಳಬೇಕು. ಅದೇ ಎಳ್ಳು ಬಂದರೆ ಸಿವುಡನ್ನು ಮೆಲ್ಲಗೆ ತಲೆಕೆಳಗೆ ಮಾಡಿ ಕಡ್ಡಿಯಿಂದ ತಟ್ಟುತ್ತಿದ್ದರು, ಕೂಸಿನ ಬೆನ್ನು ತಟ್ಟಿದ ಹಾಗೆ. ಮೆಣಸಿನಕಾಯಿ ಕಣಕ್ಕೆ ಹಾಕಿದಾಗ ಮುಷ್ಟಿಯಲ್ಲಿ ಹಿಡಿದು ಅದುಮಿ ನೋಡುತ್ತಿದ್ದರು. ಹಸಿ ಇದ್ದರೆ ಚೀಲ ತುಂಬಿದ ಮೇಲೆ ಬೂಸಲು, ಜಾಸ್ತಿ ಒಣಗಿದರೆ ಪುಡಿಪುಡಿ. ಬಿತ್ತಲೂ ಹದ ಬೇಕು, ಒಣಗಿಸಲೂ ಹದ ಬೇಕು. ಈ ‘ಹದ’ ಅನ್ನುವುದೇ ನನಗೆ ತಿಳಿದ ದೇವರ ಜ್ಞಾನ. ಅದು ಒಂದು ರಾತ್ರಿಯ ಪ್ರಾರ್ಥನೆಗೆ ಬರುವುದಿಲ್ಲ. ಪ್ರಾರ್ಥನೆ ಮಾಡುತ್ತ ಮಾಡುತ್ತ ಹೊಲದಲ್ಲಿ ನಿಂತವನಿಗೆ ಬರುತ್ತದೆ. ಮಳೆ ಬೇಕು ಅಂತ ಕೈ ಮುಗಿಯುತ್ತೇವೆ, ಹಾಗಂತ ಬೀಜ ನೋಡದೆ ತರುತ್ತೇವಾ?

ತಂಗಿ, ನಿಮ್ಮವ್ವ ಎಳ್ಳಾ, ಜೋಳಾ? ಮೊದಲು ಅದನ್ನು ನೋಡಿರಿ. ಆಮೇಲೆ ಮನೆ ವಿಷಯ.

ಮುಂಡರಗಿ ಕಡೆಯವಳು (ಬುಧವಾರ, ರಾತ್ರಿ 9:45)

ಕಾಕಾ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಯೋಬ 28 ಓದಿ. ಮನುಷ್ಯ ಗುಡ್ಡ ಕೊರೆದು ಬೆಳ್ಳಿ, ಬಂಗಾರ ತೆಗೆಯುತ್ತಾನೆ, ಜ್ಞಾನ ಎಲ್ಲಿ ಸಿಗುತ್ತದೆ ಅಂತ ಮಾತ್ರ ಅವನಿಗೆ ಗೊತ್ತಿಲ್ಲ ಅಂತಿದೆ. ಬ್ರಿಟಿಷರ ಕಾಲದಲ್ಲಿ ನಮ್ಮ ಕಪ್ಪತಗುಡ್ಡದ ಸಾಲಿನಲ್ಲೂ ಬಂಗಾರಕ್ಕಾಗಿ ಅಗೆದಿದ್ದರು. ಗುಡ್ಡ ನೋಡಿದಾಗಲೆಲ್ಲ ನನಗೆ ಆ ಅಧ್ಯಾಯ ನೆನಪಾಗುತ್ತದೆ. ಕೊನೆಗೆ ಯೋಬ ಹೇಳುವುದು ಕರ್ತನ ಭಯವೇ ಜ್ಞಾನ, ಕೆಟ್ಟದ್ದನ್ನು ಬಿಡುವುದೇ ವಿವೇಕ ಅಂತ.

ಗದಗ ರಸ್ತೆ ಹುಡುಗ (ಗುರುವಾರ, ಬೆಳಿಗ್ಗೆ 7:30)

ಎಲ್ಲವನ್ನೂ ಓದಿದೆ. ಮಾಸ್ತರ, ಇನ್ನೊಂದು ಕೇಳಬೇಕು. ಅಷ್ಟು ಜ್ಞಾನ ಪಡೆದ ಸೊಲೊಮೋನ ಕೊನೆಗೆ ಯಾಕೆ ಕೆಟ್ಟ?

ಮಾಳಮಡ್ಡಿ ಮಾಸ್ತರ (ಗುರುವಾರ, ಮಧ್ಯಾಹ್ನ 2:00)

ಈ ಪ್ರಶ್ನೆಗೆ ನಾನೂ ಬಹಳ ವರ್ಷ ತಡಕಾಡಿದ್ದೇನೆ. ಅರಸುಗಳು ಮೊದಲನೆಯ ಪುಸ್ತಕದ 11ನೇ ಅಧ್ಯಾಯದಲ್ಲಿ ಲೆಕ್ಕವೇ ಇದೆ. 700 ರಾಣಿಯರು, 300 ಉಪಪತ್ನಿಯರು, ಮುದಿ ವಯಸ್ಸಿನಲ್ಲಿ ಬೇರೆ ದೇವರುಗಳಿಗೆ ಗುಡಿ. ದೇವರು ಎರಡು ಸಲ ಕಾಣಿಸಿಕೊಂಡಿದ್ದರೂ ಅವನು ಮಾತು ಕೇಳಲಿಲ್ಲ ಅಂತ ಅಲ್ಲೇ ಬರೆದಿದೆ. ಕೇಳುವ ಹೃದಯ ಬೇಡಿದವನು ಕೇಳುವುದನ್ನು ಬಿಟ್ಟ. ಅಡವಿಯಲ್ಲಿ ಇಸ್ರಾಯೇಲ್ಯರಿಗೆ ಊಟಕ್ಕೆ ಅಂತ ದೇವರು ಕೊಟ್ಟ ಮನ್ನ ಬೀಳುತ್ತಿತ್ತಲ್ಲ, ನಾಳೆಗೆ ಅಂತ ಎತ್ತಿಟ್ಟರೆ ಹುಳ ಬೀಳುತ್ತಿತ್ತು. ಜ್ಞಾನವೂ ಹಾಗೆ ಅಂತ ನನಗೆ ಅನ್ನಿಸುತ್ತದೆ. ನಿನ್ನೆಯದು ಇವತ್ತಿಗೆ ಆಗುವುದಿಲ್ಲ.

ಪೌಲ ಕೊರಿಂಥದವರಿಗೆ ಬರೆಯುವಾಗ ಕ್ರಿಸ್ತನೇ ದೇವರ ಜ್ಞಾನ ಅಂತಾನೆ, ಅದೂ ಶಿಲುಬೆಯ ಮೇಲೆ ಇರುವ ಕ್ರಿಸ್ತ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಆತನೂ ಬೆವರಿಳಿಸಿ ಪ್ರಾರ್ಥಿಸಿದ. ಆ ಕಷ್ಟದ ಪಾತ್ರೆ ಪಕ್ಕಕ್ಕೆ ಸರಿಯಲಿಲ್ಲ. ತಂಗಿ, ಕಷ್ಟ ಬಂದಿದೆ ಅಂದಮಾತ್ರಕ್ಕೆ ದೇವರು ಕೇಳಲಿಲ್ಲ ಅಂತ ಹೇಳಲು ಆಗುವುದಿಲ್ಲ.

ಕಾಕಾ ಅವರ ಮಾತಿನಿಂದ ಇನ್ನೊಂದು ನೆನಪಾಯಿತು. ಹೀಬ್ರೂವಿನ ‘ಹೊಕ್ಮಾ’ ಅನ್ನುವ ಶಬ್ದ ಕೈಕೆಲಸದ ಜಾಣ್ಮೆಗೂ ಇದೆ. ವಿಮೋಚನಕಾಂಡ 35ರಲ್ಲಿ ದೇವದರ್ಶನದ ಗುಡಾರಕ್ಕೆ ಹೆಂಗಸರು ತಮ್ಮ ಕೈಯಿಂದ ನೂಲು ತೆಗೆದು ತಂದರು. ಅವರನ್ನು ಜ್ಞಾನದ ಹೃದಯವುಳ್ಳವರು ಅಂತ ಕರೆದಿದೆ. ನಿಮ್ಮದು ಮಗ್ಗದ ಊರು, ನಿಮಗೆ ಹೇಳಬೇಕೇ?

ಬೆಟಗೇರಿ ಮಗಳು (ಗುರುವಾರ, ರಾತ್ರಿ 10:30)

ಸರ್, ಇದನ್ನು ಓದಿ ಬಹಳ ಹೊತ್ತು ಸುಮ್ನೆ ಕೂತಿದ್ದೆ. ನಮ್ಮವ್ವ ಕೈಮಗ್ಗದಲ್ಲಿ ಸೀರೆ ನೇಯ್ದವಳು. ಲಾಳಿ ಓಡುತ್ತಿರುವಾಗ ಥಟ್ಟನೆ ನಿಲ್ಲಿಸುತ್ತಿದ್ದಳು. ನಮಗೆ ಏನೂ ಕಾಣುತ್ತಿರಲಿಲ್ಲ. ಅವಳು ಹಾಸಿನ ಮೇಲೆ ಬೆರಳ ತುದಿ ಆಡಿಸುತ್ತ ಹೋಗಿ, ಸಾವಿರಾರು ಎಳೆಯಲ್ಲಿ ಹರಿದ ಒಂದನ್ನು ಹಿಡಿಯುತ್ತಿದ್ದಳು. ಉಗುಳು ಹಚ್ಚಿ, ಹೊಸೆದು, ಗಂಟು ಹಾಕಿ, ಹಣಿಗೆಯಲ್ಲಿ ತೂರಿಸಿ ಮತ್ತೆ ಶುರು. ‘ಹೆಂಗ ಗೊತ್ತಾತಬೇ’ ಅಂದರೆ ‘ಮಗ್ಗದ ಸಪ್ಪಳ ಬ್ಯಾರೆ ಆತಲ್ಲ’ ಅನ್ನುತ್ತಿದ್ದಳು.

ಸಪ್ಪಳದಲ್ಲೇ ಹರಿದ ಎಳೆ ಹಿಡಿಯುವ ಅವ್ವನನ್ನು ಬಿಟ್ಟು ನಾನು ಎರಡು ಚೀಟಿಯನ್ನು ಕೇಳಿದೆ. ಅವಳು ‘ನನಗೇನು ತಿಳಿಯುತ್ತೆ’ ಅಂದಾಗ ನಂಬಿಬಿಟ್ಟೆ. ಈಗಲೂ ನಾನು ತಮ್ಮ ಫೋನಿನಲ್ಲಿ ಮಾತಾಡಿಕೊಳ್ಳುತ್ತಿದ್ದೇವೆಯೇ ಹೊರತು ನಿನಗೇನು ಬೇಕು ಅಂತ ಅವಳನ್ನು ಕೇಳಿಲ್ಲ. ಶನಿವಾರ ಬೆಟಗೇರಿಗೆ ಹೋಗುತ್ತೇನೆ. ತಮ್ಮನಿಗೂ ಬಾ ಅಂದಿದ್ದೇನೆ.

ರಾತ್ರಿ ಪಾಳಿ (ಶುಕ್ರವಾರ, ಬೆಳಿಗ್ಗೆ 7:05)

ಹೋಗಿ ಬನ್ನಿ ಅಕ್ಕಾ. ನಿಮ್ಮ ಮೂವರಿಗಾಗಿ ಬೆಳಿಗ್ಗೆ ಪೂಜೆಯಲ್ಲಿ ಪ್ರಾರ್ಥಿಸಿದೆ.

ಬೆಟಗೇರಿ ಮಗಳು (ಸೋಮವಾರ, ರಾತ್ರಿ 9:15)

ಹೋಗಿ ಬಂದೆವು. ಎಲ್ಲರಿಗೂ ಹೇಳಬೇಕು.

ರಾತ್ರಿ ಊಟ ಆದ ಮೇಲೆ ಮೂರೂ ಜನ ಕೂತು ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯ ಓದಿದೆವು. ಪ್ರಾರ್ಥನೆ ಮಾಡಲು ನನ್ನ ಬಾಯಿ ಬರಲಿಲ್ಲ, ತಮ್ಮ ಮಾಡಿದ. ಆಮೇಲೆ ಆ 4 ಲಕ್ಷದ ವಿಷಯ ಪೂರ್ತಿ ಹೇಳಿದೆ, ಯಾರನ್ನೂ ಕೇಳದೆ ಇದ್ದದ್ದನ್ನೂ ಹೇಳಿದೆ. ಅವ್ವ ನನ್ನ ಕೈ ಹಿಡಿದು, ‘ನನಗ ಅವತ್ತೇ ಸಪ್ಪಳ ಬ್ಯಾರೆ ಅನಿಸಿತ್ತು. ನೀ ಉಪವಾಸ ಇದ್ದಿ ಅಂತ ಸುಮ್ಮನಾದೆ’ ಅಂದಳು. ತಮ್ಮ ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದ.

ಮನೆ ಹೋದರೆ ಅವಳಿಗೆ ಅಷ್ಟೇನೂ ದುಃಖವಿಲ್ಲವಂತೆ. ನಮಗೆ ಇದು ಗೊತ್ತೇ ಇರಲಿಲ್ಲ. ಅವಳಿಗೆ ಬೇಕಾಗಿರುವುದು ಎರಡು. ನಡೆದು ಹೋಗುವಷ್ಟು ದೂರದಲ್ಲಿ ಕನ್ನಡ ಆರಾಧನೆ ಇರುವ ಗುಡಿ. ಮತ್ತೆ ಕೊನೆಗೆ ಅಪ್ಪನ ಪಕ್ಕದಲ್ಲಿ ಮಣ್ಣು. ಬೆಂಗಳೂರಿನಲ್ಲಿ ತಮ್ಮನ ಮನೆಯಿಂದ ಕನ್ನಡ ಆರಾಧನೆಗೆ ಎರಡು ಬಸ್ ಬದಲಿಸಬೇಕು. ಕೇಶ್ವಾಪುರದಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷ.

ಕೂತು ಲೆಕ್ಕ ಹಾಕಿದೆವು. ಬುರುಜು ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಮಾಡುತ್ತಾನೆ ಅಂತ ಯೇಸು ಹೇಳಿದ್ದು ತಮ್ಮನಿಗೇ ನೆನಪಾಯಿತು, ಲೂಕ 14. ಒಂದು ವರ್ಷ ಮನೆ ಮಾರುವುದು ಬೇಡ, ಬಾಡಿಗೆಗೆ ಕೊಡೋಣ, ಬಾಡಿಗೆ ಅವ್ವನ ಖಾತೆಗೆ ಬರಲಿ ಅಂತ ಆಯಿತು. ವರ್ಷ ಆದ ಮೇಲೆ ಮತ್ತೆ ಮೂವರೂ ಕೂರುವುದು. ಕಾಗದಪತ್ರ ನೋಡಲು ಸಭೆಯ ವಕೀಲರೊಬ್ಬರು ಒಪ್ಪಿದ್ದಾರೆ.

ಸರಿಯೋ ತಪ್ಪೋ ಮುಂದೆ ಗೊತ್ತಾಗುತ್ತದೆ. ಹೆದರಿಕೆ ಪೂರ್ತಿ ಹೋಗಿಲ್ಲ, ಆದರೆ ನಿನ್ನೆ ರಾತ್ರಿ ಮೊಣಕಾಲೂರಲು ಆಯಿತು. ಅವ್ವ ನನ್ನ ಜೊತೆಗೇ ಬಂದಿದ್ದಾಳೆ. ಮಗ್ಗ ಬಿಚ್ಚಿ ಹಿತ್ತಲಿನ ಕೋಣೆಯಲ್ಲಿ ಇಟ್ಟು ಬಂದೆವು. ಲಾಳಿ ಒಂದನ್ನು ಮಾತ್ರ ಅವಳು ಸೆರಗಿನಲ್ಲಿ ಕಟ್ಟಿಕೊಂಡು ತಂದಳು. ಈಗ ಅದು ನನ್ನ ಮಗಳ ಕೈಯಲ್ಲಿದೆ, ‘ಇದು ಹೆಂಗ ಓಡತದ ಅಜ್ಜಿ’ ಅಂತ ಒಂದೇ ಸಮನೆ ಕೇಳುತ್ತಿದ್ದಾಳೆ.